ಕೈ ಹಿಡಿದರೆ ಹೋಗುವ ವಜೂ

ಮಲೇಷ್ಯಾದಲ್ಲಿ ಏನೇನು ನೋಡಿದಿರಿ ಎಂದು ಸೇಡಂನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ನಾನು ಮುಖ್ಯವಾಗಿ ನನ್ನ ಪಾದಗಳನ್ನು ನೋಡಿದೆ. ಹನ್ನೊಂದು ದಿನದಲ್ಲಿ ಅವನ್ನು ಎಷ್ಟು ಸಲ ತೊಳೆದೆನೆಂದರೆ, ನಲವತ್ತು ವರ್ಷ ಸಿಮೆಂಟಿನಲ್ಲಿ ನಿಂತು ಬಣ್ಣಗೆಟ್ಟಿದ್ದ ಬೆರಳುಗಳು ಮದುಮಗನ ಬೆರಳುಗಳಂತಾದವು. ಆ ದೇಶದ ಪ್ರಸಿದ್ಧ ಜೋಡಿ ಗೋಪುರಗಳನ್ನೂ ನೋಡಿದೆ. ಎತ್ತರವಾಗಿವೆ. ಅವುಗಳ ಬಗ್ಗೆ ಇಷ್ಟು ಸಾಕು.

ನಾನು ಫರಸಿ ಹಾಸುವ ಮಿಸ್ತ್ರಿ. ಶಹಾಬಾದಿನ ಕಲ್ಲು, ನನ್ನ ಕೈ, ಮಂದಿಯ ಮನೆ. ಚಿತ್ತಾಪುರದಿಂದ ಚಿಂಚೋಳಿಯವರೆಗೆ ಎಷ್ಟೋ ಪಡಸಾಲೆಗಳಲ್ಲಿ ಜನ ನನ್ನ ಕೆಲಸದ ಮೇಲೆ ಕಾಲು ಚಾಚಿ ಮಲಗುತ್ತಾರೆ. ಕೊಡ್ಲಿ, ಕುರಕುಂಟಾ ಕಡೆ ಒಂದೆರಡು ಮಸೀದಿಗಳ ವಜೂಖಾನೆಯನ್ನೂ ನಾನೇ ಕಟ್ಟಿದ್ದು. ನಮಾಜಿಗೆ ಮುಂಚೆ ಕೈ, ಬಾಯಿ, ಮೂಗು, ಮುಖ, ಮೊಳಕೈವರೆಗೆ ತೋಳು ತೊಳೆದು, ತಲೆಯ ಮೇಲೆ ಒದ್ದೆ ಕೈ ಆಡಿಸಿ, ಕೊನೆಗೆ ಪಾದ ತೊಳೆಯುವುದಕ್ಕೆ ವಜೂ ಎನ್ನುತ್ತಾರೆ. ಮಾಡುವುದು ಎರಡು ನಿಮಿಷದ ಕೆಲಸ, ಉಳಿಸಿಕೊಳ್ಳುವುದು ಕಷ್ಟ. ಶೌಚಕ್ಕೆ ಹೋದರೆ ಹೋಯಿತು, ಗಾಳಿ ಬಿಟ್ಟರೆ ಹೋಯಿತು, ನಿದ್ದೆ ಹೋದರೆ ಅದೂ ಹೋಯಿತು. ನಾನು ಕಲ್ಲು ಕೂಡಿಸುವಾಗ ಮೌಲ್ವಿಗಳು ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಚರ್ಚಿಸುತ್ತಿದ್ದರು. ಕೇಳಿ ಕೇಳಿ ನಾನೂ ಅರ್ಧ ಮೌಲ್ವಿಯಾಗಿದ್ದೇನೆ ಎಂಬ ಜಂಬ ನನಗಿತ್ತು.

ಹೈದರಾಬಾದ್

ನಮ್ಮ ಕಡೆಯವರಿಗೆ ಹೈದರಾಬಾದ್ ಪರ ಊರಲ್ಲ. ಅದು ದವಾಖಾನೆಯ ಮತ್ತು ಮದುವೆ ಬಟ್ಟೆಯ ಊರು. ಪರದೇಶ ಶುರುವಾದದ್ದು ವಿಮಾನ ನಿಲ್ದಾಣದ ಚಲಿಸುವ ಮೆಟ್ಟಿಲಿನ ಹತ್ತಿರ. ನನ್ನ ಹೆಂಡತಿ ಮೆಹರುನ್ನಿಸಾ ಅದರ ಮುಂದೆ ಬಂದು ನಿಂತಳು. ನಿಂತೇ ಬಿಟ್ಟಳು. ಹಿಂದೆ ಜನ ಸಾಲುಗಟ್ಟಿದರು, ಒಬ್ಬರು ಗಂಟಲು ಸರಿಮಾಡಿಕೊಂಡರು. ಆಗ ಅವಳು ನನ್ನ ಕೈ ಹಿಡಿದಳು.

ಓದುಗರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನಮ್ಮ ಮದುವೆಯಾಗಿ ಮೂವತ್ತನಾಲ್ಕು ವರ್ಷ. ಮನೆಯ ಹೊರಗೆ ಮೆಹರು ನನ್ನ ಕೈ ಹಿಡಿದದ್ದು ಅದೇ ಮೊದಲು. ನಮ್ಮಲ್ಲಿ ಗಂಡ ಮುಂದೆ ನಡೆಯುತ್ತಾನೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ, ಜಗಳವಾಗಿದ್ದರೆ ಎಂಟು ಹೆಜ್ಜೆ ಹಿಂದೆ. ವಾಡಿ ಸ್ಟೇಷನ್ನಿನಲ್ಲಿ ಒಬ್ಬ ಗಂಡಸು ಹೆಂಡತಿಯ ಕೈ ಹಿಡಿದು ನಡೆದರೆ, ಮನೆಯವರಿಗೆ ಆರಾಮಿಲ್ಲವೇ ಎಂದು ಮೂರು ಜನ ಬಂದು ವಿಚಾರಿಸುತ್ತಾರೆ. ಆರಾಮಿದ್ದವರು ಕೈ ಹಿಡಿಯುತ್ತಾರೆ ಎಂಬುದು ಅವರ ತಲೆಗೇ ಹೋಗುವುದಿಲ್ಲ. ಅವಳಿಗೆ ಮೆಟ್ಟಿಲಿನ ಹೆದರಿಕೆ ಎಂದುಕೊಂಡೆ. ಆದರೆ ಮೇಲೆ ಹೋದ ಮೇಲೂ ಕೈ ಬಿಡಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಪಾಸ್‌ಪೋರ್ಟಿಗೆ ಇಷ್ಟು ಶಕ್ತಿ ಇದೆಯೆಂದು ಗೊತ್ತಿದ್ದರೆ ಇಪ್ಪತ್ತು ವರ್ಷ ಹಿಂದೆಯೇ ಮಾಡಿಸುತ್ತಿದ್ದೆ.

ನಮಾಜಿನ ಕೋಣೆ ಹುಡುಕುವಷ್ಟು ವ್ಯವಧಾನ ಇರಲಿಲ್ಲ. ಗಂಡಸರ ಶೌಚಾಲಯದ ಬೇಸಿನ್ನಿನಲ್ಲಿ ವಜೂ ಮಾಡಿದೆ. ಮುಖ, ಕೈ ತೊಳೆಯುವವರೆಗೆ ಯಾರೂ ನೋಡುವುದಿಲ್ಲ. ಬಲಗಾಲು ಎತ್ತಿ ಬೇಸಿನ್ನಿಗೆ ಇಟ್ಟ ಕೂಡಲೇ ಎಲ್ಲರೂ ಸುಮ್ಮನಾದರು. ಪಕ್ಕದಲ್ಲಿ ಟೈ ಕಟ್ಟಿಕೊಂಡು ಹಲ್ಲುಜ್ಜುತ್ತಿದ್ದ ಸಾಹೇಬರು ಬ್ರಷ್ಷನ್ನು ಬಾಯಲ್ಲೇ ಬಿಟ್ಟು ನನ್ನ ಪಾದವನ್ನು ನೋಡಿದರು. ಹೆದರಬೇಡಿ, ಕಲ್ಲನ್ನು ಚೆನ್ನಾಗಿ ಕೂಡಿಸಿದ್ದಾರೆ, ಮುರಿಯುವುದಿಲ್ಲ ಎಂದು ಧೈರ್ಯ ಹೇಳಿದೆ. ಅವರಿಗಿದ್ದ ಹೆದರಿಕೆ ಬೇರೆಯದು ಎಂದು ಆಮೇಲೆ ಹೊಳೆಯಿತು.

ಆಕಾಶ

ಮಾಡಿದ ವಜೂವನ್ನು ಇಳಿಯುವವರೆಗೆ ಉಳಿಸಿಕೊಳ್ಳಬೇಕೆಂದು ಹಟ ತೊಟ್ಟೆ. ವಿಮಾನದ ಶೌಚಾಲಯದಲ್ಲಿ ಕಾಲು ತೊಳೆಯಬೇಕಾದರೆ ಸರ್ಕಸ್ ಕಲಿತಿರಬೇಕು. ತೊಂದರೆ ಇದ್ದದ್ದು ನಿದ್ದೆಯದು. ನಮ್ಮ ಮೌಲ್ವಿಗಳ ಲೆಕ್ಕದಲ್ಲಿ ನೆಟ್ಟಗೆ, ಕುಂಡಿ ಊರಿ ಕುಳಿತು ತೂಕಡಿಸಿದರೆ ವಜೂ ಹೋಗುವುದಿಲ್ಲ. ಒರಗಿಕೊಂಡ ಆಸರೆಯನ್ನು ತೆಗೆದರೆ ಮನುಷ್ಯ ಬೀಳುವಂತಿದ್ದರೆ ಹೋಯಿತು. ನಾನು ಕಿಟಕಿಯಿಂದ ಕೆಳಗೆ ನೋಡಿದೆ. ವಿಮಾನದಲ್ಲಿ ಆಸರೆ ತೆಗೆದರೆ ಬೀಳದವರು ಯಾರು?

ಈ ಮಸಲೆಗೆ, ಎಂದರೆ ಧರ್ಮದ ಪ್ರಶ್ನೆಗೆ, ಉತ್ತರ ಕೊಡಬಲ್ಲ ಮೌಲ್ವಿ ವಿಮಾನದಲ್ಲಿ ಇರಲಿಲ್ಲ. ಹೀಗಾಗಿ ನೇಗಿಲು ಹೂಡಿದ ಎತ್ತಿನಂತೆ ನೆಟ್ಟಗೆ ಕುಳಿತೆ. ಗಗನಸಖಿ ಬಂದು ಸೀಟು ಹಿಂದಕ್ಕೆ ಬಾಗಿಸಬಹುದು ಎಂದು ಗುಂಡಿ ತೋರಿಸಿದಳು. ಬೇಡ ಎಂದೆ. ಎರಡನೇ ಸಲ ಬಂದು ತಾನೇ ಬಾಗಿಸಿಕೊಟ್ಟಳು. ಅವಳು ಹೋದ ಮೇಲೆ ನೆಟ್ಟಗೆ ಮಾಡಿಕೊಂಡೆ. ಇಳಿಯುವ ಮುಂಚೆ ಎಲ್ಲರೂ ಸೀಟು ನೆಟ್ಟಗೆ ಮಾಡಿಕೊಳ್ಳಿ ಎಂದು ಹೇಳಿದಾಗ ಇಡೀ ವಿಮಾನದಲ್ಲಿ ತಲೆ ಎತ್ತಿ ಕುಳಿತಿದ್ದವನು ನಾನೊಬ್ಬನೇ. ಮೆಹರು ಅಷ್ಟು ಹೊತ್ತೂ ನನ್ನ ಹೆಗಲಿಗೆ ತಲೆ ಕೊಟ್ಟು, ಕೈ ಹಿಡಿದು, ಮಸಲೆಯ ಚಿಂತೆ ಇಲ್ಲದೆ ಗೊರಕೆ ಹೊಡೆದಳು.

ಮಲಕ್ಕಾ, ಮೊದಲ ದಿನ

ನಾವು ಹೋದದ್ದು ಸಮೀನಾಳ ಮನೆಗೆ. ಸಮೀನಾ ಮೆಹರುವಿನ ತಂಗಿಯ ಮಗಳು. ತಾಯಿ ಸತ್ತಾಗ ನಾಲ್ಕು ವರ್ಷದವಳು. ಶಹಾಬಾದಿನಿಂದ ಎತ್ತಿಕೊಂಡು ಬಂದು ಮೆಹರುವೇ ಬೆಳೆಸಿದಳು. ನರ್ಸ್ ಓದಿ ಸೌದಿಯ ಆಸ್ಪತ್ರೆಗೆ ಹೋದವಳು ಅಲ್ಲೇ ಕೆಲಸ ಮಾಡುತ್ತಿದ್ದ ಮಲಕ್ಕಾದ ಹುಡುಗನನ್ನು ಮದುವೆಯಾದಳು. ಈಗ ಅವಳಿಗೆ ಮಗ ಹುಟ್ಟಿದ್ದ. ಅವನ ಕೂದಲು ತೆಗೆಸುವ ದಾವತ್ತಿಗೆ ದೊಡ್ಡಮ್ಮ, ಅವಳ ಖಾಲಾ, ಬರಲೇಬೇಕೆಂದು ಹಟ ಹಿಡಿದಿದ್ದಳು. ಮೆಹರುವಿನ ಹಟ ಅವಳದಕ್ಕಿಂತ ಒಂದು ತೂಕ ಹೆಚ್ಚಾಗಿತ್ತು. ಆರು ತಿಂಗಳಿಂದ ಮನೆಯಲ್ಲಿ ಅದೊಂದೇ ಮಾತು.

ಕೂಸನ್ನು ಕೈಗೆ ಕೊಟ್ಟಾಗ ಮೆಹರು ಅದರ ಮುಖವನ್ನು ತನ್ನ ಮುಖದ ಎದುರಿಗೆ ತಂದು, ಕತ್ತು ಆ ಕಡೆ ಈ ಕಡೆ ಆಡಿಸುತ್ತ, ಒಂದೊಂದೇ ಭಾಗ ಎಂಬಂತೆ ನೋಡಿದಳು. ಹಣೆ ನೋಡಿದಳು, ಆಮೇಲೆ ಮೂಗು, ಆಮೇಲೆ ಗದ್ದ. ಮಿಸ್ತ್ರಿಯ ಹೆಂಡತಿ, ಫರಸಿ ಕೂಡಿದೆಯೋ ಇಲ್ಲವೋ ನೋಡುತ್ತಿದ್ದಾಳೆ ಎಂದೆ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮನೆಯ ಯಜಮಾನರು ಸಮೀನಾಳ ಮಾವ ಹಾಜಿ ಇದ್ರಿಸ್. ಬಸ್ ಓಡಿಸಿ ನಿವೃತ್ತರಾದವರು, ತೆಳ್ಳಗಿನ ಮನುಷ್ಯ, ನಗುಮುಖ. ಅವರ ಮಲಯ್ ನನಗೆ ಬಾರದು, ನನ್ನ ದಖನಿ ಅವರಿಗೆ ಬಾರದು. ನಡುವೆ ಸಮೀನಾ. ನಾವು ಗಂಡಹೆಂಡಿರು ಮನೆಯಲ್ಲಿ ಅರ್ಧ ದಖನಿ ಅರ್ಧ ಕನ್ನಡ ಆಡುವವರು, ಅಲ್ಲಿ ಪೂರಾ ಕನ್ನಡಕ್ಕೆ ಇಳಿದೆವು. ಅರಬ್ಬಿ, ಉರ್ದುವಿನ ಒಂದೊಂದು ಶಬ್ದ ಆ ಜನಕ್ಕೆ ತಿಳಿದುಬಿಡುತ್ತಿತ್ತು, ಬೈಯಲು ಕನ್ನಡವೇ ಸುರಕ್ಷಿತವಾಗಿತ್ತು.

ಸಂಜೆ ಓಣಿಯ ಮಸೀದಿಗೆ ಹೋದೆವು. ಅಲ್ಲಿ ಹೆಂಗಸರಿಗೂ ಜಾಗ ಇದೆ, ಅವರ ವಜೂಖಾನೆ ಬೇರೆ. ನಾನು ವಜೂ ಮುಗಿಸಿ ಹೊರಗೆ ಬಂದೆ, ಮೆಹರು ಆ ಕಡೆಯಿಂದ ಬಂದು ನನ್ನ ಕೈ ಹಿಡಿದಳು. ಹಾಜಿ ಇದ್ರಿಸ್ ಮುಖ ನೋಡಬೇಕಿತ್ತು. ಅನ್ನದ ಹಂಡೆಗೆ ಹಲ್ಲಿ ಬಿದ್ದದ್ದನ್ನು ಕಂಡವರ ಮುಖ. ಏನೋ ಹೇಳಿದರು. ಸಮೀನಾ ತುಟಿ ಕಚ್ಚಿಕೊಂಡು ಅನುವಾದಿಸಿದಳು. ಇಬ್ಬರ ವಜೂವೂ ಹೋಯಿತಂತೆ, ಮತ್ತೆ ಮಾಡಿಕೊಂಡು ಬರಬೇಕಂತೆ.

ಇದು ನನಗೆ ಹೊಸದೇನೂ ಅಲ್ಲ. ಕಾನೂನು ನಾಲ್ಕು ಪಂಥದ್ದು ನಾಲ್ಕು ತೆರ. ನಾವು ಹನಫಿಗಳು, ಮಲಯ್ ಜನ ಶಾಫಿಗಳು, ನಮ್ಮ ಕರ್ನಾಟಕದಲ್ಲೇ ಭಟ್ಕಳದವರು ಶಾಫಿಗಳು. ಸೇಡಂನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಟ್ಕಳದ ಸಾಹುಕಾರರೊಬ್ಬರ ಮನೆಗೆ ಫರಸಿ ಹಾಸಿದ್ದೆ. ವಜೂ ಮಾಡಿ ಬಂದ ಅವರಿಗೆ ಹೆಂಡತಿ ಚಹಾ ಕೊಡುವಾಗ ಕಪ್ಪನ್ನು ನೆಲದ ಮೇಲೆ ಇಟ್ಟು ದೂರ ಸರಿಯುತ್ತಿದ್ದರು. ಜಗಳ ಇರಬೇಕು ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರ ಪಂಥದಲ್ಲಿ ಹೆಂಡತಿಯ ಚರ್ಮ ತಗುಲಿದರೂ ವಜೂ ಹೋಗುತ್ತದೆ. ನಮ್ಮಲ್ಲಿ ಹೋಗುವುದಿಲ್ಲ. ಆದರೆ ಅತಿಥಿಯಾಗಿ ಬಂದು ಮೊದಲ ದಿನವೇ ಕಾನೂನು ಮಾತಾಡುವುದು ಸರಿಯಲ್ಲ ಎಂದು ಮತ್ತೆ ಕಾಲು ತೊಳೆದೆ. ಬರುವಾಗ ಮೆಹರು ಮತ್ತೆ ಹಿಡಿದಳು. ಮತ್ತೆ ತೊಳೆದೆ. ಅಷ್ಟರಲ್ಲಿ ಎಲ್ಲರೂ ಕೂಡಿ ಮಾಡುವ ನಮಾಜಿನ ಎರಡು ಸುತ್ತು, ಎರಡು ರಕಾತು, ತಪ್ಪಿದವು.

ಮೂರನೇ ದಿನ

ಎರಡೂ ಪಂಥಗಳಲ್ಲಿ ಭೇದವಿಲ್ಲದ ಒಂದು ಕಾನೂನಿನ ಕಲಮು ಇದೆ, ಗಾಳಿಯದು. ಅದನ್ನು ನಾವು ಸೇಡಂನಿಂದ ಐದು ಕಿಲೋ ಕಟ್ಟಿಕೊಂಡು ಹೋಗಿದ್ದೆವು. ಸಮೀನಾಳಿಗೆ ನಮ್ಮ ತೊಗರಿ ಬೇಳೆ ಇಲ್ಲದೆ ಬಾಯಿ ಕೆಟ್ಟಿತ್ತು. ಮೆಹರು ಬೆಳ್ಳುಳ್ಳಿ ಒಗ್ಗರಣೆ ಹಾಕಿ ಗಟ್ಟಿ ಬೇಳೆ ಮಾಡಿದಳು. ಹಾಜಿ ಇದ್ರಿಸ್ ಮೂರು ಬಟ್ಟಲು ಉಂಡರು, ಸೊಗಸಾಗಿದೆ ಎಂದು ಹೆಬ್ಬೆರಳು ತೋರಿಸಿದರು. ಮಧ್ಯಾಹ್ನದ ನಮಾಜಿಗೆ ಹೋದವರು ಮಸೀದಿಯ ಬಾಗಿಲಲ್ಲಿ ನಿಂತರು, ಯೋಚಿಸಿದರು, ನಳದ ಕಡೆ ಹೋದರು. ಬಂದರು, ನಿಂತರು, ಮತ್ತೆ ಹೋದರು. ಮೂರನೇ ಸಲ ಅವರು ನನ್ನ ಕಡೆ ನೋಡಿದ ನೋಟದಲ್ಲಿ ಸ್ನೇಹವೂ ಇತ್ತು, ಆಪಾದನೆಯೂ ಇತ್ತು. ಕಲಬುರಗಿಯ ತೊಗರಿ ಹನಫಿ, ಶಾಫಿ ಎಂದು ನೋಡುವುದಿಲ್ಲ.

ಸಂಜೆ ಹೊಳೆಯ ದಂಡೆಗೆ ಕರೆದುಕೊಂಡು ಹೋದರು. ಎರಡೂ ಬದಿ ಬಣ್ಣಬಣ್ಣದ ಮನೆ, ದೋಣಿ, ಹಾಡು. ನಮ್ಮ ಸನ್ನತಿಯ ಭೀಮೆಯ ದಂಡೆಯಲ್ಲಿ ಕುಳಿತರೆ ನಿಮಗೂ ನೀರಿಗೂ ನಡುವೆ ಎಮ್ಮೆ ಮಾತ್ರ ಇರುತ್ತದೆ. ಇಲ್ಲಿ ಜೋಡಿಗಳಿದ್ದರು. ತಲೆಗೆ ಸ್ಕಾರ್ಫ್ ಕಟ್ಟಿದ ಹುಡುಗಿಯರು, ಪಕ್ಕದಲ್ಲಿ ಗಂಡಂದಿರು, ಕೈಯಲ್ಲಿ ಕೈ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಮಸೀದಿಯಿಂದ ನಮಾಜಿನ ಬಾಂಗ್ ಕೇಳಿದ ಕೂಡಲೇ ಆ ಕೈಗಳು ಬಿಟ್ಟುಹೋದವು, ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಾರು ದೂರ. ನನಗೆ ನಗು ಬಂತು. ನಮ್ಮೂರಲ್ಲಿ ಕೈ ಹಿಡಿಯಲು ಕಾನೂನಿನ ಅಡ್ಡಿ ಇಲ್ಲ, ನಾಚಿಕೆ ಅಡ್ಡ ಬರುತ್ತದೆ. ಇಲ್ಲಿ ನಾಚಿಕೆ ಇಲ್ಲ, ಕಾನೂನು ಅಡ್ಡ ಬರುತ್ತದೆ.

ಇಷ್ಟರಲ್ಲಿ ನನ್ನ ಖುಷಿ ಇಳಿದಿತ್ತು ಎನ್ನುವುದನ್ನು ಒಪ್ಪಿಕೊಳ್ಳಬೇಕು. ಮೊದಲ ದಿನ ಮೆಹರುವಿನ ಕೈ ಇನಾಮಿನಂತೆ ಕಂಡಿತ್ತು, ಮೂರನೇ ದಿನಕ್ಕೆ ಬೇಡಿಯಂತಾಯಿತು. ಅಂಗಡಿಗೆ ಹೋದರೆ ಕೈ, ರಸ್ತೆ ದಾಟಿದರೆ ಕೈ, ಹೊಸ್ತಿಲು ಬಂದರೆ ಕೈ. ಸಮೀನಾಳ ನೆರೆಯ ಹೆಂಗಸರು ನಮ್ಮನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಅರವತ್ತರ ಮುದುಕ ನಾನು, ನನಗೆ ನಾಚಿಕೆ ಬಂತು. ಹೆಂಡತಿಗೆ ಹಾಗೆಂದು ಹೇಳುವುದು ಹೇಗೆ? ಮಸೀದಿಯ ದಾರಿಯಲ್ಲಿ ಅವಳು ಕೈ ಚಾಚಿದಾಗ ಒಂದು ಒಳ್ಳೆಯ ನೆಪ ತಾನಾಗಿ ನಾಲಿಗೆಗೆ ಬಂತು.

"ಕೈ ಬಿಡು ಮೆಹರು, ವಜೂ ಹೋಗ್ತದ."

ಅವಳು ಬಿಟ್ಟಳು. ನಮ್ಮ ಪಂಥದಲ್ಲಿ ಹೋಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಲ್ಲಿಂದ ಗೋಡೆಯ ಬದಿ ಹಿಡಿದು ನಡೆದಳು. ದಣಿವಿಗೆ ಎಂದುಕೊಂಡೆ.

ಆರನೇ ದಿನ

ಹಿಂದಿನ ದಿನ ದಾವತ್ತು ಮುಗಿದಿತ್ತು. ಕೂಸಿನ ತಲೆ ಬೋಳಾಗಿತ್ತು, ಎಲ್ಲರ ಹೊಟ್ಟೆ ತುಂಬಿತ್ತು. ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಅಸರ್ ನಮಾಜಿಗೆಂದು ಹಾಜಿ ಇದ್ರಿಸ್ ನಮ್ಮನ್ನು ಊರಿನ ಇನ್ನೊಂದು ತುದಿಯ ಹಳೆಯ ಮಸೀದಿಗೆ ಕರೆದೊಯ್ದರು. ಅಲ್ಲಿ ನಳ ಇಲ್ಲ, ಹೌಜು ಇದೆ, ವಜೂ ಮಾಡುವ ನೀರಿನ ತೊಟ್ಟಿ. ಅದನ್ನು ನೋಡಿ ನನ್ನೊಳಗಿನ ಮಿಸ್ತ್ರಿ ಎದ್ದು ಕುಳಿತ. ನಮ್ಮ ಲೆಕ್ಕದಲ್ಲಿ ನಿಂತ ನೀರು ಹತ್ತು ಮೊಳ ಉದ್ದ, ಹತ್ತು ಮೊಳ ಅಗಲ ಇರಬೇಕು, ಇಲ್ಲವಾದರೆ ಒಂದು ತೊಟ್ಟು ಹೊಲಸು ಬಿದ್ದರೂ ಕೆಟ್ಟಿತು. ಕೊಡ್ಲಿಯಲ್ಲಿ ಅಂಥದ್ದೊಂದು ಕಟ್ಟುವಾಗ ಮೌಲ್ವಿ ಸಾಹೇಬರು ತಮ್ಮ ಮೊಳದಲ್ಲೇ ಅಳೆಯಬೇಕೆಂದರು. ಅವರು ಗಿಡ್ಡ. ನಾನು ಗುಟ್ಟಾಗಿ ನನ್ನ ಮೊಳದಲ್ಲಿ ಅಳೆದು ಕಟ್ಟಿದೆ, ಮಸೀದಿಯ ಅಂಗಳ ಅಷ್ಟು ಕಡಿಮೆಯಾಯಿತು.

ಮಲಕ್ಕಾದ ಹೌಜಿನ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು ಮೊಳ ಹಾಕಿದೆ. ಏಳು ಕೂಡ ಇರಲಿಲ್ಲ. ಸಮೀನಾಳ ಮೂಲಕ ಹಾಜಿಗೆ ಹೇಳಿದೆ. ಅವರು ನಕ್ಕು, ನಮ್ಮ ಪಂಥದಲ್ಲಿ ಎರಡು ದೊಡ್ಡ ಹಂಡೆಯಷ್ಟು ನೀರಿದ್ದರೆ ಸಾಕು ಎಂದರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಸಮೀನಾ ಎಷ್ಟೆಂದು ಅನುವಾದಿಸಿಯಾಳು, ಕೂಸನ್ನು ಎತ್ತಿಕೊಂಡು ದೂರ ಹೋದಳು. ನಾವಿಬ್ಬರೂ ಬೆರಳಲ್ಲೇ ಜಗಳ ಮುಂದುವರಿಸಿದೆವು. ಆಮೇಲೆ ಇಬ್ಬರೂ ಅದೇ ನೀರಿನಲ್ಲಿ ವಜೂ ಮಾಡಿದೆವು.

ವಜೂಖಾನೆಯಿಂದ ಅಂಗಳಕ್ಕೆ ಮೂರು ಮೆಟ್ಟಿಲು ಇಳಿಯಬೇಕು. ಹೊಸ ಟೈಲ್ಸ್, ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರಕ್ಕೂ ಒಂದೇ ಬಣ್ಣ, ಅಂಚಿಗೆ ಒಂದು ಗೆರೆಯೂ ಇಲ್ಲ. ನೀರಿನ ಜಾಗಕ್ಕೆ ಇಂಥದ್ದನ್ನು ಹಾಕಿದವನಿಗೆ ಬೈಯುತ್ತ ಕೊನೆಯ ಮೆಟ್ಟಿಲಿನ ಕೆಳಗೆ ನಿಂತಿದ್ದೆ. ಮೆಹರು ಹೆಂಗಸರ ಕಡೆಯಿಂದ ಬಂದು ಮೇಲೆ ನಿಂತಳು. ಕೈ ಚಾಚಿದಳು. ಹಾಜಿ ಇದ್ರಿಸ್ ನೋಡುತ್ತಿದ್ದರು, ಇನ್ನೂ ನಾಲ್ಕು ಜನ ನೋಡುತ್ತಿದ್ದರು. ನಾನು ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡೆ.

ಅವಳು ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದಳು. ಆಮೇಲೆ ನೆಲ ಸಪಾಟಾಗಿದೆ ಎಂಬಂತೆ ಕಾಲು ಮುಂದಿಟ್ಟಳು.

ಬಿದ್ದ ಸಪ್ಪಳ ನನಗೆ ಈಗಲೂ ಕೇಳುತ್ತದೆ. ಹುಬ್ಬಿನ ಮೇಲೆ ಒಡೆದು ರಕ್ತ ಕೆನ್ನೆಗೆ ಇಳಿಯಿತು. ನಾನು ಅವಳನ್ನು ಎರಡೂ ತೋಳಲ್ಲಿ ಎತ್ತಿ ಕೂರಿಸಿದೆ, ಇಡೀ ಮಸೀದಿಯ ಎದುರಿಗೆ. ಹಾಜಿ ಇದ್ರಿಸ್ ತಮ್ಮ ಹೆಗಲ ಬಟ್ಟೆ ಕೊಟ್ಟರು, ಗಾಬರಿಯಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಓಡಿ ಬಂದ ಸಮೀನಾಳನ್ನು ಏನೆಂದು ಕೇಳಿದೆ. ರಕ್ತ ಬಂದರೆ ನಮ್ಮಲ್ಲಿ ವಜೂ ಹೋಗುವುದಿಲ್ಲ, ಚಿಂತೆ ಮಾಡಬೇಡಿ ಎನ್ನುತ್ತಿದ್ದಾರೆ ಎಂದಳು. ರಕ್ತ ಹರಿದರೆ ವಜೂ ಹೋಗುವುದು ನಮ್ಮ ಪಂಥದಲ್ಲಿ. ಪಾಪ, ಆ ಮನುಷ್ಯ ಸಮಾಧಾನ ಹೇಳಲು ತಮ್ಮ ಬಳಿ ಇದ್ದ ಕಾನೂನನ್ನೇ ಕೊಡುತ್ತಿದ್ದರು.

ಆಸ್ಪತ್ರೆ

ಸಮೀನಾ ನರ್ಸ್ ಆದದ್ದರಿಂದ ಹುಬ್ಬಿನ ಗಾಯವನ್ನು ಒಂದೇ ನೋಟದಲ್ಲಿ ಮುಗಿಸಿದಳು. ಅವಳು ನೋಡುತ್ತಿದ್ದದ್ದು ಬೇರೆ. ಖಾಲಾಳ ಕಿವಿಯ ಹತ್ತಿರ ಬೆರಳು ಆಡಿಸಿ ಕಾಣುತ್ತದೆಯೇ ಎಂದು ಕೇಳಿದಳು. ಯಾವ ಬೆರಳು ಎಂದಳು ಮೆಹರು. ಮರುದಿನ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಹೋದೆವು.

ಒಂದು ಬಟ್ಟಲಿನಂಥ ಯಂತ್ರದೊಳಗೆ ಗದ್ದ ಊರಿ ಕೂರಿಸಿ, ಸುತ್ತ ಎಲ್ಲೆಲ್ಲೋ ಸಣ್ಣ ಬೆಳಕು ಹಾಕುತ್ತಾರೆ. ಬೆಳಕು ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಹೊರಗೆ ನಿಂತು ಆ ಟಿಕ್ ಸಪ್ಪಳಕ್ಕೆ ಕಾದೆ. ಭಾಳ ಹೊತ್ತಿಗೆ ಒಂದು ಬರುತ್ತಿತ್ತು. ಡಾಕ್ಟರಮ್ಮ ಕಾಗದದ ಮೇಲೆ ಎರಡು ಕಣ್ಣಿನ ನಕ್ಷೆ ತೋರಿಸಿದರು. ನಡುವೆ ಒಂದು ಸಣ್ಣ ಬಿಳಿ ಜಾಗ, ಸುತ್ತ ಕಪ್ಪು. ಕಾಳಾ ಮೋತಿಯಾ. ಒಳಗಿನ ಒತ್ತಡ ಹೆಚ್ಚಾಗಿ ಬದಿಯ ನೋಟವನ್ನು ತಿನ್ನುತ್ತ ಬರುವ ರೋಗ. ಹೋದದ್ದು ಮರಳಿ ಬರುವುದಿಲ್ಲ, ದಿನವೂ ಔಷಧ ಹಾಕಿದರೆ ಉಳಿದದ್ದನ್ನು ಕಾಯಬಹುದು ಎಂದರು.

ಮೆಹರು ಆಶ್ಚರ್ಯಪಡಲಿಲ್ಲ. ರಂಜಾನಿಗೆ ಮುಂಚೆ ಕಲಬುರಗಿಯ ಡಾಕ್ಟರು ಇದನ್ನೇ ಹೇಳಿ, ಹೈದರಾಬಾದಿಗೆ ಹೋಗಿ ಎಂದು ಬರೆದುಕೊಟ್ಟಿದ್ದರಂತೆ. ಆ ಚೀಟಿ ಅವಳ ಟ್ರಂಕಿನ ತಳದಲ್ಲಿ ಇತ್ತು. ನನಗೆ ಸಿಟ್ಟು ಬಂತು, ಹೆದರಿದವನಿಗೆ ಬರುವಂಥ ಸಿಟ್ಟು. ಯಾಕೆ ಹೇಳಲಿಲ್ಲ ಎಂದು ಆಸ್ಪತ್ರೆಯ ಮೊಗಸಾಲೆಯಲ್ಲೇ ಜೋರು ಮಾಡಿದೆ.

"ಹೇಳಿದ್ರ ನೀವು ಇಲ್ಲಿಗಿ ಕರ್ಕೊಂಡ್ ಬರ್ತಿದ್ರೇನು?" ಎಂದಳು. "ಮೊದಲ ಕಣ್ಣು, ಆಮ್ಯಾಲ ಊರು ಅಂತಿದ್ರಿ. ನನಗ ಕೂಸಿನ ಮಾರಿ ನೋಡಬೇಕಾಗಿತ್ತು. ನೇರ ನೋಡಿದ್ರ ಕಾಣ್ತದ್ರಿ, ಬಾಜೂಕ ಅಷ್ಟ ಕಾಣಂಗಿಲ್ಲ. ನೀವು ಎಡಕ್ಕ ನಿಂತ್ರಂದ್ರ, ನೀವೇ ಇಲ್ಲ."

ನಾನು ಎಡಕ್ಕೇ ನಿಂತಿದ್ದೆ. ಸುತ್ತಿ ಬಂದು ಎದುರಿಗೆ ನಿಂತೆ.

ನಲವತ್ತು ವರ್ಷ ನೆಲ ನೋಡುವುದೇ ನನ್ನ ಉದ್ಯೋಗ. ಒಂದು ಕಲ್ಲು ಕೂದಲೆಳೆಯಷ್ಟು ಮೇಲೆದ್ದರೂ ಬರಿಗಾಲಿಗೆ ಗೊತ್ತಾಗುತ್ತದೆ. ಆ ನೆಲದ ಮೇಲೆ ನನ್ನ ಹೆಂಡತಿಯ ಕಾಲು ತಡಕಾಡುವುದು ನನಗೆ ಕಾಣಲಿಲ್ಲ. ವಾಡಿ ಸ್ಟೇಷನ್ನಿನ ಮಂದಿ ನಮ್ಮನ್ನು ನೋಡಿದ್ದರೆ ಮೊದಲ ದಿನವೇ ಸರಿಯಾಗಿ ಕೇಳುತ್ತಿದ್ದರು, ಆರಾಮಿಲ್ಲೇನು ಎಂದು. ನಾನು ಮಾತ್ರ ಪ್ರೇಮ ಎಂದುಕೊಂಡೆ, ಅದೂ ಮೂರು ದಿನಕ್ಕೆ ಬೇಸರವಾಯಿತು. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಸಂಜೆ ಹಾಜಿ ಇದ್ರಿಸ್ ನಮ್ಮ ಕೋಣೆಗೆ ಬಂದು ಕುಳಿತರು. ಅವರ ಕೈಯಲ್ಲಿ ಒಂದು ಜೊತೆ ಬಿಳಿ ಹತ್ತಿಯ ಕೈಗವಸು, ತೀರಿಹೋದ ಹೆಂಡತಿಯದು. ನಡುವೆ ಬಟ್ಟೆ ಇದ್ದರೆ ಮುಟ್ಟಿದರೂ ವಜೂ ಹೋಗುವುದಿಲ್ಲ, ಮೆಹರು ಇದನ್ನು ತೊಟ್ಟುಕೊಳ್ಳಲಿ ಎಂದರು. ತಾವಿಬ್ಬರೂ ಹಜ್‌ಗೆ ಹೋದಾಗ ಮಕ್ಕಾದ ಜನಸಂದಣಿಯಲ್ಲಿ ಇದೂ ಸಾಲದಾಯಿತಂತೆ. ಎತ್ತ ತಿರುಗಿದರೂ ಯಾರದೋ ಕೈ ತಗುಲುತ್ತದೆ. ಅಲ್ಲಿ ಶಾಫಿಗಳು ಎಷ್ಟೋ ಜನ ಅಷ್ಟು ದಿನದ ಮಟ್ಟಿಗೆ ಹನಫಿಗಳ ಕಾನೂನು ಹಿಡಿಯುತ್ತಾರಂತೆ. ಹೆಂಡತಿಯನ್ನು ಆ ಗದ್ದಲದಲ್ಲಿ ಕೈಬಿಡುವುದಕ್ಕಿಂತ ಅದು ಮೇಲು ಎಂದು ಅವರ ಉಸ್ತಾದರೇ ಹೇಳಿದ್ದರಂತೆ.

ಆಮೇಲೆ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಸಮೀನಾ ಅದನ್ನು ನೆಲ ನೋಡುತ್ತ, ನನಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದಳು.

"ನಿಮ್ಮದರಾಗ ಮುಟ್ಟಿದ್ರ ವಜೂ ಹೋಗಂಗಿಲ್ಲಲ್ಲ, ಮತ್ತ ಕೈ ಯಾಕ ಬಿಟ್ರಿ ಅಂತ ಕೇಳಾಕತ್ತಾರ, ಖಾಲೂ."

ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ. ಬೇಕಾದಾಗ ಬಲಕ್ಕೆ, ಬೇಕಾದಾಗ ಎಡಕ್ಕೆ ತಿರುಗಿಸಿ ಜನರನ್ನು ಮನೆ ಮುಟ್ಟಿಸುವುದು ಅವರಿಗೆ ಗೊತ್ತು. ಅವರ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ನಿಮ್ಮ ಕಾನೂನಿಗೆ ಗೌರವ ಕೊಟ್ಟೆ ಎಂದು ಸುಳ್ಳು ಹೇಳಬಹುದಿತ್ತು. ನಾಚಿಕೆಯಾಯಿತು, ಅದಕ್ಕೆ ಬಿಟ್ಟೆ ಎಂದೆ. ಸಮೀನಾ ಅದನ್ನು ಮಲಯ್ ಭಾಷೆಯಲ್ಲಿ ಹೇಳಿದಳು. ಅಲ್ಲಿ ಅದು ಇನ್ನೂ ಸಣ್ಣ ಮಾತಾಗಿ ಕೇಳಿಸಿತು. ಹಾಜಿ ತಲೆಯಾಡಿಸಿದರು, ಕೈಗವಸನ್ನು ನನ್ನ ಮುಂದಿಟ್ಟು ಹೋದರು.

ಕೊನೆಯ ಸಂಜೆ

ಉಳಿದ ದಿನಗಳ ಪ್ರವಾಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕೋಟೆ ನೋಡಿದೆವು, ಹಣ್ಣು ತಿಂದೆವು, ಒಂದು ಹಣ್ಣಿನ ವಾಸನೆಗೆ ನಾನು ರಸ್ತೆ ದಾಟಿ ಓಡಿದೆ, ಮೆಹರುವನ್ನೂ ಎಳೆದುಕೊಂಡು ಓಡಿದೆ. ಮೆಟ್ಟಿಲು ಬಂದಾಗ ಎರಡು ಅದಾವ, ಮೂರು ಅದಾವ ಎಂದು ಎಣಿಸಿ ಹೇಳುತ್ತಿದ್ದೆ. ನೆರೆಯ ಹೆಂಗಸರು ಈಗಲೂ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಕೈಗವಸನ್ನು ಮೆಹರು ಒಂದೇ ದಿನ ತೊಟ್ಟಳು, ಸೆಕೆ ಎಂದು ತೆಗೆದಿಟ್ಟಳು.

ಹೊರಡುವ ಹಿಂದಿನ ಸಂಜೆ ಮಗ್ರಿಬ್ ನಮಾಜಿಗೆ ಮಸೀದಿಗೆ ಹೋಗದೆ ಮನೆಯಲ್ಲೇ ಓದೋಣ ಎಂದೆ. ಅಂಗಳದ ನಳದ ಹತ್ತಿರ ಇಬ್ಬರೂ ವಜೂ ಮಾಡಿದೆವು. ನಾನು ಅವಳ ಮೊಳಕೈ ಹಿಡಿದು ಒಳಗೆ ಕರೆತಂದೆ. ಔಷಧ ಹಾಕುವ ಹೊತ್ತೂ ಆಗಿತ್ತು. ಅವಳು ತಲೆ ಮೇಲೆತ್ತಿದಳು, ನಾನು ಒಂದೊಂದು ಕಣ್ಣಿಗೆ ಒಂದೊಂದು ಹನಿ ಬಿಟ್ಟೆ. ಅವಳು ಕಣ್ಣು ಮುಚ್ಚಿ ಕುಳಿತಳು. ಅಡುಗೆಮನೆಯಲ್ಲಿ ಸಮೀನಾ ಕೂಸಿಗೆ ಜೋಗುಳ ಹಾಡುತ್ತಿದ್ದಳು, ಮೆಹರು ಅವಳಿಗೆ ಹಾಡುತ್ತಿದ್ದ ಧಾಟಿಯಲ್ಲೇ. ನಾಳೆ ಬಿಟ್ಟರೆ ಇನ್ನು ಯಾವಾಗಲೋ. ಮುಂದಿನ ಸಲ ಬರುವಷ್ಟರಲ್ಲಿ ಆ ಬಿಳಿ ಜಾಗ ಎಷ್ಟು ಉಳಿದಿರುತ್ತದೋ. ಮೆಹರುವಿನ ಎರಡೂ ಕಣ್ಣಿನಿಂದ ನೀರು ಇಳಿಯತೊಡಗಿತು. ಎರಡು ಹನಿ ಔಷಧಕ್ಕೆ ಅಷ್ಟು ನೀರು ಬರುವುದಿಲ್ಲ.

ನನಗೆ ಬುದ್ಧಿ ಬಂದಿತ್ತು, ಚಟ ಹೋಗಿರಲಿಲ್ಲ. ಬೇನೆಯ ಕಣ್ಣಿಂದ ನೀರು ಹರಿದರೆ ವಜೂ ಹೋಗುತ್ತದೆ, ಅತ್ತರೆ ಹೋಗುವುದಿಲ್ಲ ಎಂದು ಕುರಕುಂಟಾದಲ್ಲಿ ಕಲ್ಲು ಕೂಡಿಸುವಾಗ ಕೇಳಿದ್ದೆ. ಇದು ಬೇನೆಯದೋ, ಅಳುವೋ ಎಂದು ಅವಳನ್ನು ಕೇಳಿಯೇಬಿಟ್ಟೆ.

ಮೆಹರು ಕಣ್ಣು ತೆರೆದಳು. ಕತ್ತು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಆಡಿಸಿ ನನ್ನ ಮುಖವನ್ನು ಆ ಸಣ್ಣ ಜಾಗದೊಳಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ನನ್ನ ಕೆನ್ನೆ ಒರೆಸಿದಳು.

"ನಂದು ಯಾವುದೋ ನನಗೂ ತಿಳೀವಲ್ದು, ಮತ್ತೊಮ್ಮಿ ಮಾರಿ ತೊಳ್ಕೊಂಡ್ ಬರ್ತೀನಿ," ಎಂದಳು. "ನಿಮ್ದು ಅಳೂದೇ ಅದ. ನಿಮ್ಮ ವಜೂ ಎಲ್ಲಿಗೂ ಹೋಗಿಲ್ಲ. ಏಳ್ರಿ, ನಳದ ತನಕ ಕೈ ಹಿಡೀರಿ."